ಎಟ್ನಾ ಹತ್ತೋದಾ, ಸುತ್ತೋದಾ? ಸಿಸಿಲಿಯಲ್ಲಿ ಎಂಟು ದಿನ ಸೈಕಲ್, ಸಲಹೆ ಬೇಕು

ನಾಗರಬಾವಿ ಪೆಡಲ್
ಮೇ ಎರಡನೇ ವಾರ ನಾನೂ ನನ್ನ ಹೆಂಡತಿಯೂ ಇಟಲಿಯ ಸಿಸಿಲಿ ದ್ವೀಪಕ್ಕೆ ಹೊರಟಿದ್ದೇವೆ. ವೀಸಾ ಕೈಗೆ ಬಂದಿದೆ, ಟಿಕೆಟ್ ಆಗಿದೆ. ಕಟಾನಿಯಾದಲ್ಲಿ ಇಳಿದು ಅಲ್ಲಿಂದಲೇ ವಾಪಸ್. ಮಧ್ಯೆ ಎಂಟು ದಿನ ಸೈಕಲ್‌ಗೇ ಮೀಸಲು. ಇಬ್ಬರದೂ ರೋಡ್ ಬೈಕ್ ಅಭ್ಯಾಸ. ವಾರಾಂತ್ಯಕ್ಕೆ ನಂದಿ, ವರ್ಷಕ್ಕೊಂದು ಸಲ ಆಗುಂಬೆ, ಇಷ್ಟು ಅನುಭವ.

ಜಗಳ ಇರುವುದು ಒಂದೇ ವಿಷಯಕ್ಕೆ. ನನಗೆ ಅಲ್ಲಿನ ಜ್ವಾಲಾಮುಖಿ ಎಟ್ನಾ ಹತ್ತಬೇಕು. ಸಮುದ್ರದ ನೀರಿಗೆ ಚಕ್ರ ಮುಟ್ಟಿಸಿ ಹೊರಟು 1,910 ಮೀಟರ್ ಎತ್ತರದ ರಿಫೂಜೊ ಸಪಿಯೆನ್ಸಾ ತಂಗುದಾಣದಲ್ಲೇ ಕಾಲು ನೆಲಕ್ಕೂರಬೇಕು. ಅವಳು ಹೇಳೋದು, "ಬೆಟ್ಟದ ಮೇಲೆ ನಿಂತರೆ ಬೆಟ್ಟ ಕಾಣುತ್ತಾ? ಸುತ್ತ ಹೋಗೋಣ, ನಾಲ್ಕೂ ಕಡೆಯಿಂದ ಕಾಣುತ್ತೆ."

ಹತ್ತಿ ಬಂದವರು, ಸುತ್ತಿ ಬಂದವರು, ಇಬ್ಬರೂ ಹೇಳಿ. ಎರಡೂ ಮಾಡಿ ಅಂತ ಮಾತ್ರ ಹೇಳಬೇಡಿ, ಊರು ನೋಡೋಕೂ ದಿನ ಬೇಕು. ಸೈಕಲ್ ಇಲ್ಲಿಂದ ಹೊತ್ತುಕೊಂಡು ಹೋಗೋದಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ ಅನ್ನೋದೂ ಇನ್ನೂ ತೀರ್ಮಾನ ಆಗಿಲ್ಲ.

ಧಾರವಾಡ ಡಬಲ್ ಗೇರ್
ಇದರಲ್ಲಿ ಕೇಳೋದೇನಿದೆ ರೀ? ಹತ್ತಿ. ಅಷ್ಟು ದೂರ ಹೋಗಿ ಗುಡ್ಡದ ಬುಡ ಸುತ್ತಿ ಬರೋದು ಅಂದ್ರೆ ಮದುವೆಗೆ ಹೋಗಿ ಚಪ್ಪರ ನೋಡಿ ಬಂದ ಹಾಗೆ. ಜಿರೋ ದ ಇಟಾಲಿಯಾ ಸೈಕಲ್ ರೇಸಿನವರು ಸುಮ್ನೆ ಮತ್ತೆ ಮತ್ತೆ ಅಲ್ಲಿಗೆ ಹೋಗ್ತಾರಾ? 2017ರಲ್ಲಿ ಯಾನ್ ಪೊಲಾಂಚ್, 2022ರಲ್ಲಿ ಲೆನಾರ್ಡ್ ಕೆಮ್ನಾ, ಇಬ್ಬರೂ ಆ ರೇಸಿನ ಒಂದೊಂದು ಹಂತ ಗೆದ್ದಿದ್ದು ಅದೇ ಸಪಿಯೆನ್ಸಾದ ಮುಂದೆ.

ಕುಂದಾಪ್ರ ಕಡಲು
ಹೆಂಡ್ತಿ ಒಂದು ಹೇಳಿ, ನೀವು ಇನ್ನೊಂದು ಹೇಳಿ, ಕೊನೆಗೆ ಏನಾಗುತ್ತದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತುಂಟು ಮಾರಾಯ್ರೆ. ಸುತ್ತುವ ದಾರಿ ನೋಡಿಕೊಳ್ಳಿ.

ಮಿಲಾನ್ ಮಲೆನಾಡತಿ
ನಾನು ತೀರ್ಥಹಳ್ಳಿಯವಳು, ಹನ್ನೊಂದು ವರ್ಷದಿಂದ ಮಿಲಾನ್‌ನಲ್ಲಿದ್ದೇನೆ. ಸಿಸಿಲಿಗೆ ಮೂರು ಸಲ ಸೈಕಲ್ ತಗೊಂಡು ಹೋಗಿದ್ದೇನೆ. ನನ್ನ ಓಟು ನಿಮ್ಮ ಮನೆಯವರ ಕಡೆಗೆ.

ಎಟ್ನಾದ ಬುಡ ಸುತ್ತಿದರೆ 130-140 ಕಿಮೀ ಆಗುತ್ತದೆ, ಯಾವ ಯಾವ ಊರೊಳಗೆ ನುಗ್ಗುತ್ತೀರಿ ಅನ್ನೋದರ ಮೇಲೆ. ಒಂದೇ ದಿನಕ್ಕೆ ಮುಗಿಸುವವರಿದ್ದಾರೆ. ನೀವು ಎರಡು ದಿನ ಮಾಡಿ. ಕಟಾನಿಯಾದಿಂದ ಬೆಳಿಗ್ಗೆ ಬೇಗ ಹೊರಟು ಕರಾವಳಿ ಹಿಡಿದು ಉತ್ತರಕ್ಕೆ ಹೋಗಿ. ಆಚಿ ಕಾಸ್ತೆಲ್ಲೊ, ಆಚಿ ತ್ರೆತ್ಸಾ, ಆಚಿರೆಯಾಲೆ, ಆಮೇಲೆ ಜಾರ್ರೆ. ಅಲ್ಲಿಂದ ಸಮುದ್ರ ಬಿಟ್ಟು ಪಿಯೆದಿಮೊಂತೆ ಮೇಲೆ ಲಿಂಗ್ವಾಗ್ಲೊಸ್ಸಾಗೆ ಏರು. ನಂತರ ಎಸ್‌ಎಸ್ 120 ಅನ್ನೋ ಹೆದ್ದಾರಿಯಲ್ಲಿ ದ್ರಾಕ್ಷಿ ತೋಟಗಳ ನಡುವೆ ರಾಂದಾತ್ಸೊ. ರಾತ್ರಿ ಅಲ್ಲೇ ಉಳಿಯಿರಿ. ಚರ್ಚು, ಮನೆ, ಬೀದಿ ಎಲ್ಲ ಕಪ್ಪು ಲಾವಾ ಕಲ್ಲಿನ ಊರು. ಎಟ್ನಾದ ಬಾಯಿಗೆ ಅಷ್ಟು ಹತ್ತಿರ ಇದ್ದೂ ಇದುವರೆಗೆ ಹೂತುಹೋಗಿಲ್ಲ. 1981ರಲ್ಲಿ ಲಾವಾ ಊರಿನ ಪಕ್ಕದಲ್ಲೇ ಹರಿದುಹೋಯಿತು.

ಎರಡನೇ ದಿನ ಮಲೆತ್ತೊ ತನಕ ಏರು, ಅದೇ ಸುತ್ತಿನ ಅತಿ ಎತ್ತರದ ಜಾಗ, ಸಾವಿರ ಮೀಟರ್ ಹತ್ತಿರ. ಅಲ್ಲಿಂದ ಬ್ರೊಂತೆ, ಆದ್ರಾನೊ, ಕೆಳಗೆ ಕಟಾನಿಯಾ. ಹೆಚ್ಚುಕಮ್ಮಿ ಎಲ್ಲ ಇಳಿಜಾರು.

ಗಮನಿಸಿ, ಇದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಇಟಲಿಯಲ್ಲಿ ಗಾಡಿ ಓಡೋದು ರಸ್ತೆಯ ಬಲಗಡೆ. ಹಾಗೆ ಹೋದರೆ ನೀವು ಯಾವಾಗಲೂ ಹೊರಗಿನ ಅಂಚಿನಲ್ಲಿ ಇರುತ್ತೀರಿ. ಸಮುದ್ರ, ಕಣಿವೆ ಎಲ್ಲ ಬಲಕ್ಕೆ ತೆರೆದಿರುತ್ತದೆ. ಬೆಟ್ಟ ಎಡಕ್ಕೆ.

ಮೈಸೂರು ಮೆಲ್ಲಗೆ
ತಾಯಿ, ಬೆಟ್ಟ ಎಡಕ್ಕಿದ್ದರೆ ಅದು ಅಪ್ರದಕ್ಷಿಣೆ ಆಗುತ್ತಲ್ಲ!

ಕುಂದಾಪ್ರ ಕಡಲು
ಅದೂ ಬೆಂಕಿ ಉಗುಳುವ ಬೆಟ್ಟಕ್ಕೆ. ದೇವರು ಸಿಟ್ಟಾದ್ರೆ ಹೇಗೆ ಮಾರಾಯ್ರೆ.

ಧಾರವಾಡ ಡಬಲ್ ಗೇರ್
ಅದಕ್ಕೇ ಹೇಳಿದ್ದು, ಹತ್ತಿ ಅಂತ. ಹತ್ತೋದಕ್ಕೆ ಎಡ ಬಲ ಇಲ್ಲ.

ಮಿಲಾನ್ ಮಲೆನಾಡತಿ
ಮೈಸೂರು ಸಾರ್, ಬಲಗಡೆ ಓಡಿಸೋ ದೇಶದಲ್ಲಿ ಪ್ರದಕ್ಷಿಣೆ ಹಾಕಿದ್ರೆ ನೋಟದ ಪಕ್ಕದಲ್ಲಿ ಇರೋದು ಎದುರಿಂದ ಬರೋ ಲಾರಿ. ಬೆಟ್ಟಕ್ಕಿಂತ ಮೊದಲು ಆ ಡ್ರೈವರ್ ಸಿಟ್ಟಾಗ್ತಾನೆ. ಅಲ್ಲಿನವರು ಎಟ್ನಾನ ಹೆಣ್ಣು ಅಂತ ಮಾತಾಡಿಸೋದು, ಸುಮ್ಮನೆ "ಬೆಟ್ಟದವಳು" ಅನ್ನೋ ಹಾಗೆ. ಯಾವ ದಿಕ್ಕಿಂದ ಬಂದರೂ ಅವಳಿಗೆ ಬೇಜಾರಿಲ್ಲ.

ಸುಮ್ನೆ ಓದ್ತೀನಿ
ಲಿಂಗ್ವಾಗ್ಲೊಸ್ಸಾ. ಎಂಥ ಹೆಸರು.

ಮಿಲಾನ್ ಮಲೆನಾಡತಿ
ಲ್ಯಾಟಿನ್‌ನಲ್ಲಿ ಲಿಂಗ್ವಾ ಅಂದ್ರೆ ನಾಲಗೆ. ಗ್ರೀಕ್‌ನಲ್ಲಿ ಗ್ಲೊಸ್ಸಾ ಅಂದ್ರೂ ನಾಲಗೆ. ಊರಿನ ಹೆಸರು ನಾಲಗೆನಾಲಗೆ. ಎಟ್ನಾದ ಹಳೇ ಹೆಸರು ಮೊಂಜಿಬೆಲ್ಲೊ, ಅದರಲ್ಲೂ ಹೀಗೇ. ಮೊದಲ ಅರ್ಧ ಲ್ಯಾಟಿನ್ ಬೆಟ್ಟ, ಎರಡನೇ ಅರ್ಧ ಅರಬ್ಬಿಯ ಬೆಟ್ಟ. ಬಂದು ಆಳಿದವರೆಲ್ಲ ಒಂದೊಂದು ಪದ ಬಿಟ್ಟುಹೋಗಿದ್ದಾರೆ.

ಮೈಸೂರು ಮೆಲ್ಲಗೆ
ನಾವು ನಡುಮಧ್ಯೆ ಅನ್ನಲ್ವಾ, ಹಾಗೆ.

ನಾಗರಬಾವಿ ಪೆಡಲ್
ಮಲೆನಾಡತಿ ಮೇಡಂ, ತುಂಬ ಥ್ಯಾಂಕ್ಸ್. ಹೆಂಡತಿಗೆ ಓದಿ ಹೇಳಿದೆ, ಅದೇ ತಪ್ಪಾಯಿತು. ಆದರೂ ಹತ್ತುವ ರಸ್ತೆ ಬಗ್ಗೆ ಯಾರಾದರೂ ಸರಿಯಾಗಿ ಹೇಳಿ. ನಂದಿ ಹತ್ತುವವನಿಗೆ ಸಪಿಯೆನ್ಸಾ ಆಗುತ್ತದಾ?

ಧಾರವಾಡ ಡಬಲ್ ಗೇರ್
ಆಗುತ್ತದೆ. ನಾನು 2019ರಲ್ಲಿ ಹತ್ತಿದ್ದೇನೆ, ಆಗ ನನ್ನ ತೂಕ 86 ಕೆಜಿ.

ಜನ ಹೆಚ್ಚು ಹತ್ತೋದು ನಿಕೊಲೋಸಿ ಕಡೆಯಿಂದ. ಊರು ಇರುವುದು 700 ಮೀಟರ್‌ನಲ್ಲಿ. ಅಲ್ಲಿಂದ 18 ಕಿಮೀ ಆಸುಪಾಸು, ಆರೇಳು ಪರ್ಸೆಂಟ್ ಏರು. ಅಂದ್ರೆ ನಂದಿಯನ್ನ ಒಂದರ ಮೇಲೊಂದು ಎರಡೂವರೆ ಇಟ್ಟ ಹಾಗೆ. ಆದರೆ ನಂದಿಯ ಕೊನೆಯಲ್ಲಿ ಬರುವಂಥ ಎದೆಗೆ ಗುದ್ದುವ ತಿರುವುಗಳು ಕಡಿಮೆ. ರಸ್ತೆ ಅಗಲ, ಒಂದೇ ಹದದಲ್ಲಿ ಏರುತ್ತಾ ಹೋಗುತ್ತದೆ. ಒಂದು ಲಯ ಸಿಕ್ಕರೆ ಕೂತುಕೊಂಡೇ ತುಳಿಯಬಹುದು. ಜಾಫೆರಾನಾ ಕಡೆಯಿಂದ ಬರುವ ದಾರಿ ಸ್ವಲ್ಪ ಕಡಿದು, ಟ್ರಾಫಿಕ್ ಕಡಿಮೆ, ಹಿಂದಕ್ಕೆ ತಿರುಗಿದಾಗಲೆಲ್ಲ ಸಮುದ್ರ ಕಾಣುತ್ತದೆ. ಉತ್ತರದಲ್ಲಿ ಲಿಂಗ್ವಾಗ್ಲೊಸ್ಸಾದಿಂದ ಪಿಯಾನೊ ಪ್ರೊವೆಂತ್ಸಾನಾಕ್ಕೆ ಮೂರನೇ ದಾರಿ. ಅದಕ್ಕೆ ಮಾರೆನೆವೆ ಅಂತ ಹೆಸರು, ಸಮುದ್ರ ಮತ್ತು ಹಿಮ ಅಂತ ಅರ್ಥ. 2020ರ ಜಿರೋದ ಒಂದು ಹಂತ ಅಲ್ಲೇ ಮುಗಿದಿದ್ದು, ಈಕ್ವೆಡಾರ್‌ನ ಜೊನಾಥನ್ ಕೈಸೆಡೊ ಗೆದ್ದಿದ್ದ. ಕೊನೆಯ ಮೂರು ಕಿಲೋಮೀಟರ್ ಅಳಿಸುತ್ತದೆ.

ಸಮುದ್ರದಿಂದಲೇ ಶುರು ಮಾಡಬೇಕು ಅಂತ ಹಟ ಇದ್ದರೆ ಮಾಡಿ. ಆದರೆ ಕಟಾನಿಯಾದಿಂದ ನಿಕೊಲೋಸಿ ತನಕ ಊರು ಮುಗಿಯೋದೇ ಇಲ್ಲ. ಸಿಗ್ನಲ್ಲು, ಕಾರು, ಬಸ್ಸು. ಕನಕಪುರ ರಸ್ತೆಯಲ್ಲಿ ಆಫೀಸ್ ಟೈಮಲ್ಲಿ ಏರು ಹತ್ತಿದ ಹಾಗೆ.

ಮೈಸೂರು ಮೆಲ್ಲಗೆ
1,910 ಅಂದರೆ ನಮ್ಮ ಮುಳ್ಳಯ್ಯನಗಿರಿ ನೆತ್ತಿಗಿಂತ 20 ಮೀಟರ್ ಕಮ್ಮಿ ಅಷ್ಟೆ. ಆದರೆ ನಾವು ಚಿಕ್ಕಮಗಳೂರಲ್ಲಿ ಕಾಫಿ ಕುಡಿಯುವಾಗಲೇ ಸಾವಿರ ಮೀಟರ್ ದಾಟಿರುತ್ತೇವೆ. ಇವರು ಸೊನ್ನೆಯಿಂದ ಹೊರಡುತ್ತೇನೆ ಅನ್ನುತ್ತಿದ್ದಾರೆ. ಯೋಚನೆ ಮಾಡಿ.

ಹಸಿರು ಹೆಲ್ಮೆಟ್
ಯಾರೂ ಮುಖ್ಯ ವಿಷಯ ಹೇಳ್ತಾ ಇಲ್ವಲ್ಲ. ಅದು ಜೀವಂತ ಜ್ವಾಲಾಮುಖಿ! 2025ರ ಜೂನ್ 2ನೇ ತಾರೀಖು ಮೇಲಿನ ಬಾಯಿ ಕುಸಿದು, ಬೂದಿ ಮೋಡ ಎದ್ದು, ಜನ ಎದ್ದೆನೋ ಬಿದ್ದೆನೋ ಅಂತ ಇಳಿದು ಓಡೋ ವಿಡಿಯೊ ನೋಡಿಲ್ವಾ?

ಮಿಲಾನ್ ಮಲೆನಾಡತಿ
ಅವರು ಇನ್ನೂ ಎಷ್ಟೋ ಮೇಲೆ ನಡೆದು ಹೋದವರು. ಅವತ್ತು ಯಾರಿಗೂ ಪೆಟ್ಟಾಗಲಿಲ್ಲ. ಟಾರು ರಸ್ತೆ ಬಾಯಿಗಿಂತ ಒಂದೂವರೆ ಸಾವಿರ ಮೀಟರ್ ಕೆಳಗೇ ನಿಲ್ಲುತ್ತದೆ. ಲಾವಾ ಸಾಮಾನ್ಯವಾಗಿ ನಡೆದುಕೊಂಡು ಬರುವಷ್ಟು ನಿಧಾನ.

ಸೈಕಲ್‌ನವರಿಗೆ ನಿಜವಾದ ಶತ್ರು ಬೂದಿ. 2021ರಲ್ಲಿ ಎಟ್ನಾ ತಿಂಗಳುಗಟ್ಟಲೆ ಮತ್ತೆ ಮತ್ತೆ ಉಗುಳಿತು. ಆ ಬೇಸಿಗೆಯಲ್ಲಿ ನಾನು ಜಾರ್ರೆ ಪಕ್ಕ ಇದ್ದೆ. ಬೂದಿ ಅಂದ್ರೆ ಒಲೆ ಬೂದಿ ಥರ ಮೆತ್ತಗೆ ಇರುತ್ತೆ ಅಂದುಕೊಂಡಿದ್ದೆ. ಅಲ್ಲ. ಅದು ಕಲ್ಲಿನ ಚೂರು. ದೂರದಲ್ಲಿ ಬಿದ್ದಿದ್ದು ಚಿರೋಟಿ ರವೆ, ಹತ್ತಿರದಲ್ಲಿ ಬಿದ್ದಿದ್ದು ಬನ್ಸಿ ರವೆ, ಇನ್ನೂ ಹತ್ತಿರ ಹೋದರೆ ಹುರಿಗಡಲೆ. ಎಲ್ಲ ಕಪ್ಪು. ಬೆಳಿಗ್ಗೆ ಎದ್ದರೆ ಬಾಲ್ಕನಿ, ಕಾರು, ನಿಂಬೆ ಗಿಡದ ಎಲೆ ಎಲ್ಲದರ ಮೇಲೂ. ಮನೆ ಯಜಮಾನಿ ಪೊರಕೆಯಲ್ಲಿ ಗುಡಿಸಿ ಚೀಲಕ್ಕೆ ತುಂಬುತ್ತಿದ್ದರು, ನಮ್ಮಲ್ಲಿ ಅಂಗಳದ ಎಲೆ ಗುಡಿಸೋ ಹಾಗೆ, ಏನೂ ಗಾಬರಿ ಇಲ್ಲದೆ.

ಅದರ ಮೇಲೆ ಸೈಕಲ್ ಓಡಿಸೋದು ಅಂದ್ರೆ ರಾಗಿ ಚೆಲ್ಲಿದ ನೆಲದ ಮೇಲೆ ಓಡಿಸಿದ ಹಾಗೆ. ಮುಂದಿನ ಚಕ್ರ ಯಾವಾಗ ಕೈ ಕೊಡುತ್ತೆ ಗೊತ್ತಾಗಲ್ಲ. ಅದಕ್ಕೇ ಜಾಸ್ತಿ ಬೂದಿ ಬಿದ್ದಾಗ ಅಲ್ಲಿನ ಮೇಯರ್‌ಗಳು ಬೈಕು, ಸೈಕಲ್ ಎರಡನ್ನೂ ಒಂದೆರಡು ದಿನ ರಸ್ತೆಗೇ ಇಳಿಸಬೇಡಿ ಅಂತ ಆದೇಶ ಮಾಡ್ತಾರೆ. ಕಾರಿಗೆ 30 ಕಿಮೀ ಮಿತಿ. ವಿಮಾನ ನಿಲ್ದಾಣವನ್ನೂ ಮುಚ್ಚಿರ್ತಾರೆ ಕೆಲವು ಸಲ. ಹೋಗುವ ಹಿಂದಿನ ದಿನ ಸುದ್ದಿ ನೋಡಿಕೊಂಡು ಹೋಗಿ, ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ.

ಬಸವನಗುಡಿ ಬ್ರೇಕ್
ಬೂದಿ ಬಗ್ಗೆ ಒಂದು ಮಾತು. ಚೈನಿಗೆ ಎಣ್ಣೆ ಜಾಸ್ತಿ ಹಾಕಿಕೊಂಡು ಹೋಗಬೇಡಿ, ಬೂದಿ ಅಂಟಿಕೊಂಡು ಉಪ್ಪುಕಾಗದ ಥರ ತಿನ್ನುತ್ತದೆ. ವ್ಯಾಕ್ಸ್ ಹಾಕಿ. ಬ್ರೇಕ್ ಪ್ಯಾಡ್ ಒಂದು ಜೊತೆ ಎಕ್ಸ್‌ಟ್ರಾ ಇರಲಿ. ಟೈರು 28 ಎಂಎಂಗಿಂತ ಸಣ್ಣದು ಬೇಡ, 30 ಹಿಡಿಯೋದಾದ್ರೆ ಇನ್ನೂ ಒಳ್ಳೆಯದು. ಹಿಂದಿನ ಚಕ್ರಕ್ಕೆ 34 ಹಲ್ಲಿನ ಕ್ಯಾಸೆಟ್, ಅಂದ್ರೆ ಏರಿನಲ್ಲಿ ಹಗುರಾಗಿ ತುಳಿಯೋ ದೊಡ್ಡ ಗೇರ್ ಇರೋದು. ನಾಚಿಕೆ ಪಡಬೇಡಿ.

ಸೈಕಲ್ ಒಯ್ಯೋದಾದರೆ ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ಬಿಚ್ಚಿ ಫ್ರೇಮ್ ಒಳಗಡೆ ಕಟ್ಟಿ. ನನ್ನ ಗಿರಾಕಿಯೊಬ್ಬರದು ವಿಮಾನದಲ್ಲಿ ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಬಗ್ಗಿಹೋಗಿತ್ತು, ಆ ಮಾಡೆಲ್ಲಿನ ಹ್ಯಾಂಗರ್ ಇಡೀ ಊರಲ್ಲಿ ಸಿಗಲಿಲ್ಲ. ಅಂಗೈ ಅರ್ಧದಷ್ಟು ಅಲ್ಯೂಮಿನಿಯಂ ತುಂಡು, ಅದಿಲ್ಲದೆ ನಾಲ್ಕು ದಿನ ಹೋಟೆಲಲ್ಲಿ ಕೂತರು. ಅದನ್ನೊಂದು ಜೇಬಲ್ಲಿ ಇಟ್ಟುಕೊಂಡು ಹೋಗಿ.

ಧಾರವಾಡ ಡಬಲ್ ಗೇರ್
ಬಾಡಿಗೆಗೆ ತಗೊಳ್ಳಿ ರೀ. ನನಗೆ ಕೊಟ್ಟ ಸೈಕಲ್ಲಿನಲ್ಲಿ ಮುಂದಿನ ಬ್ರೇಕ್ ಬಲಗೈಗೆ ಬರುತ್ತದಾ ಎಡಗೈಗೆ ಬರುತ್ತದಾ ಅಂತ ಕೇಳದೆ ಹೊರಟೆ. ಅದೊಂದು ತಪ್ಪು. ಅಲ್ಲಿ ಮುಂದಿನದು ಎಡಗೈಗೆ. ಮೊದಲ ಇಳಿಜಾರಲ್ಲಿ ಹಿಂದಿನ ಬ್ರೇಕ್ ಅಂತ ಹಿಡಿದೆ, ಹ್ಯಾಂಡಲ್ ಮೇಲಿಂದ ಹಾರಿ ಹೋಗೋದೊಂದು ಬಾಕಿ. ಅದು ಬಿಟ್ಟರೆ ಏನೂ ತೊಂದರೆ ಇರಲಿಲ್ಲ.

ಬಸವನಗುಡಿ ಬ್ರೇಕ್
"ಅದು ಬಿಟ್ಟರೆ."

ಹಸಿರು ಹೆಲ್ಮೆಟ್
ಕಾನೂನು ಕೂಡ ನೋಡಿಕೊಳ್ಳಿ. ಇಟಲಿಯಲ್ಲಿ ಕತ್ತಲಾದ ಮೇಲೆ ಊರ ಹೊರಗಿನ ರಸ್ತೆಯಲ್ಲಿ ಮತ್ತು ಸುರಂಗಗಳಲ್ಲಿ ಸೈಕಲ್‌ನವರು ಬೆಳಕು ಬಿದ್ದರೆ ಹೊಳೆಯೋ ಜಾಕೆಟ್ ಹಾಕಲೇಬೇಕು. ಆಟೊಸ್ಟ್ರಾಡಾ (ಅಲ್ಲಿನ ಎಕ್ಸ್‌ಪ್ರೆಸ್‌ವೇ) ಅಂತ ಹಸಿರು ಬೋರ್ಡ್ ಕಂಡರೆ ಆ ಕಡೆ ತಲೆನೂ ಹಾಕಬೇಡಿ, ಸೈಕಲ್ ನಿಷೇಧ. ಮೆಸ್ಸಿನಾ ಕಡೆ ಹೋಗೋಕೆ ಎ18 ಅಲ್ಲ, ಪಕ್ಕದ ಎಸ್‌ಎಸ್ 114. ತುರ್ತು ನಂಬರ್ 112.

ಕುಂದಾಪ್ರ ಕಡಲು
ಆಚಿ ತ್ರೆತ್ಸಾದ ಫೋಟೊ ನೋಡಿದೆ. ಸಮುದ್ರದಲ್ಲಿ ಕರಿ ಬಂಡೆ ನಿಂತಿದೆ, ಒಕ್ಕಣ್ಣ ಸೈಕ್ಲೋಪ್ಸ್ ರಾಕ್ಷಸ ಒಡಿಸ್ಸಿಯಸ್ ಹಡಗಿನ ಮೇಲೆ ಎಸೆದದ್ದಂತೆ. ನಾನು ಸೈಕ್ಲೋಪ್ಸ್ ಅಂದ್ರೆ ಒಂದೇ ಲೈಟು ಹಾಕಿಕೊಂಡು ಓಡಿಸುವ ಸೈಕಲ್‌ನವ ಅಂದುಕೊಂಡಿದ್ದೆ.

ಆದರೆ ಕೇಳಿ, ಆ ಬಂಡೆಗಳಲ್ಲಿ ಕಂಬ ಕಂಬ ಕಾಣುತ್ತದೆ. ನಮ್ಮ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲೂ ಅದೇ ಉಂಟು. ಮೂವತ್ತು ನಿಮಿಷ ದೋಣಿಯಲ್ಲಿ ಹೋದರೆ ಅದೇ ಬಸಾಲ್ಟ್. ಇಷ್ಟು ದೂರ ಯಾಕೆ?

ಕಲ್ಲುಭಟ್ಟ
ನಿವೃತ್ತ ಭೂವಿಜ್ಞಾನಿ ನಾನು, ಇದಕ್ಕೆ ಸುಮ್ಮನಿರಲು ಆಗುವುದಿಲ್ಲ. ಸೇಂಟ್ ಮೇರೀಸ್‌ನದು ಬಸಾಲ್ಟ್ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ರಯೋಲೈಟ್, ಡೇಸೈಟ್ ಜಾತಿಯದು. ಸಿಲಿಕಾ ಜಾಸ್ತಿ ಇರುವ ಕಲ್ಲು. ಭಾರತ ಮಡಗಾಸ್ಕರ್‌ನಿಂದ ಬೇರೆಯಾದ ಕಾಲದ್ದು, ಎಂಟೂ ಮುಕ್ಕಾಲು ಕೋಟಿ ವರ್ಷದ ಆಚೀಚೆ. ಆಚಿ ತ್ರೆತ್ಸಾದ್ದು ನಿಜವಾದ ಬಸಾಲ್ಟ್, ವಯಸ್ಸು ಬರೀ ಐದು ಲಕ್ಷ ವರ್ಷ. ಆಗ ಈಗಿನ ಎಟ್ನಾ ಬೆಟ್ಟವೇ ಇರಲಿಲ್ಲ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ಅದು.

ಕಂಬಗಳು ಎರಡೂ ಕಡೆ ಆಗುವುದು ಒಂದೇ ಕಾರಣಕ್ಕೆ. ಕೆರೆ ಬತ್ತಿದಾಗ ಕೆಸರು ಒಣಗಿ ಐದು ಮೂಲೆ, ಆರು ಮೂಲೆಯಾಗಿ ಬಿರಿಯುತ್ತದಲ್ಲ, ಹಾಗೆ. ಬಿಸಿ ಲಾವಾ ತಣ್ಣಗಾಗುತ್ತಾ ಕುಗ್ಗುತ್ತದೆ, ಬಿರುಕು ಮೇಲಿಂದ ಒಳಕ್ಕೆ ಇಳಿಯುತ್ತದೆ. ದಂಪತಿಗೆ ಒಂದು ದಿನ ಇದ್ದರೆ ಆಲ್ಕಾಂತಾರಾ ಕಮರಿ ನೋಡಲಿ. ಲಿಂಗ್ವಾಗ್ಲೊಸ್ಸಾದಿಂದ ದೂರ ಇಲ್ಲ. ನದಿ ಕೊರೆದ ಗೋಡೆಯಲ್ಲಿ ಕಂಬಗಳು ಬೀಸಣಿಗೆ ಥರ ಬಾಗಿವೆ.

ಕುಂದಾಪ್ರ ಕಡಲು
ಭಟ್ರೆ, ತಪ್ಪಾಯ್ತು. ಆದರೆ ನಮ್ಮದು ಹಳೇದು ಅಂತಾಯ್ತಲ್ಲ, ಅಷ್ಟು ಸಾಕು.

ಸುಮ್ನೆ ಓದ್ತೀನಿ
ಎಟ್ನಾ ಬಿಟ್ಟು ವೆಸೂವಿಯಸ್ ಯಾಕಾಗಬಾರದು? ಅಲ್ಲೂ ಸಾವಿರ ಮೀಟರ್ ತನಕ ರಸ್ತೆ ಇದೆ.

ಮಿಲಾನ್ ಮಲೆನಾಡತಿ
ಇದೆ. ಅಲ್ಲಿಗೆ ಹೋಗೋಕೆ ಮೊದಲು ನೇಪಲ್ಸ್ ಟ್ರಾಫಿಕ್ ದಾಟಬೇಕು. ಸಿಲ್ಕ್ ಬೋರ್ಡ್ ದಾಟಿದವರಿಗೆ ಮಾತ್ರ.

ಹಸಿರು ಹೆಲ್ಮೆಟ್
ನಾಯಿ? ಯಾರೂ ನಾಯಿ ಬಗ್ಗೆ ಹೇಳಲಿಲ್ಲ.

ಮಿಲಾನ್ ಮಲೆನಾಡತಿ
ಇವೆ. ಊರ ನಾಯಿಗಳು ಪಾಪ, ಬಿಸಿಲಿಗೆ ಬಿದ್ದುಕೊಂಡಿರುತ್ತವೆ. ಕುರಿ ಕಾಯುವ ನಾಯಿಗಳು ಮಾತ್ರ ಕೆಲಸದ ಮೇಲೆ ಇರುತ್ತವೆ. ದೊಡ್ಡವು, ಬಿಳಿಯವು. ಸ್ಪೀಡಾಗಿ ಓಡಿಹೋಗೋ ಪ್ರಯತ್ನ ಬೇಡ. ಇಳಿದು, ಸೈಕಲ್ ನಡುವೆ ಇಟ್ಟುಕೊಂಡು, ಮೆಲ್ಲಗೆ ನಡೆಯಿರಿ. ಮಂದೆ ದಾಟಿದ ಮೇಲೆ ಅದೇ ವಾಪಸ್ ಹೋಗುತ್ತದೆ.

ಇನ್ನೊಂದು. ಬ್ರೊಂತೆಯಿಂದ ಆದ್ರಾನೊಗೆ ಹೋಗುವ ಎಸ್‌ಎಸ್ 284 ನನಗೆ ಇಷ್ಟ ಇಲ್ಲ. ಅಗಲ ಕಡಿಮೆ, ಲಾರಿ ಜಾಸ್ತಿ, ಎಲ್ಲರಿಗೂ ಆತುರ. ಸಾಧ್ಯ ಇದ್ದಲ್ಲೆಲ್ಲ ಪಿಸ್ತಾ ತೋಟಗಳ ನಡುವಿನ ಸಣ್ಣ ದಾರಿ ಹಿಡಿಯಿರಿ. ಎರಡೂ ಕಡೆ ಕರಿ ಕಲ್ಲಿನ ಗೋಡೆ, ಮಣ್ಣು ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ಪಿಸ್ತಾ ಮರ ನೇರವಾಗಿ ಲಾವಾ ಬಿರುಕಿನಿಂದಲೇ ಎದ್ದಿರುತ್ತೆ. ಅಲ್ಲಿ ಟ್ರ್ಯಾಕ್ಟರ್ ಹೋಗಲ್ಲ, ಎಲ್ಲ ಕೈಯಲ್ಲೇ ಬಿಡಿಸಬೇಕು. ಅದೂ ಎರಡು ವರ್ಷಕ್ಕೊಂದು ಬೆಳೆ. ಬೆಲೆ ಕೇಳಿ ಬೆಚ್ಚಿಬೀಳಬೇಡಿ.

ಮೈಸೂರು ಮೆಲ್ಲಗೆ
ನಾವು ಸಸ್ಯಾಹಾರಿಗಳು ಹೋದರೆ ಏನು ಗತಿ?

ಮಿಲಾನ್ ಮಲೆನಾಡತಿ
ಸಾರ್, ಕಟಾನಿಯಾದ ಹೆಮ್ಮೆಯ ಅಡುಗೆಯೇ ಬದನೆಕಾಯಿ ಹಾಕಿದ ಪಾಸ್ತಾ ಅಲ್ಲಾ ನೊರ್ಮಾ. ಕರಿದ ಬದನೆ, ಟೊಮೆಟೊ, ಮೇಲೆ ಉಪ್ಪು ರಿಕೊತ್ತಾ ತುರಿ. ಚೀಸ್ ತಿನ್ನೋದಾದ್ರೆ ನಿಶ್ಚಿಂತೆ. ಬೆಳಿಗ್ಗೆ ಗ್ರಾನಿತಾ ಮತ್ತು ಬ್ರಿಯೋಶ್. ಗ್ರಾನಿತಾ ಅಂದ್ರೆ ನಮ್ಮ ಐಸ್ ಗೋಲಾ ಅಲ್ಲ, ಅದಕ್ಕಿಂತ ನಯ. ಬಾದಾಮಿಯದು ತಗೊಳ್ಳಿ. ಬನ್ನಿನ ತಲೆ ಮೇಲಿನ ಗುಂಡು ಮುರಿದು ಅದ್ದಿಕೊಂಡು ತಿನ್ನೋದು.

ಅರಾಂಚಿನೊ ಅಂತ ಕರಿದ ಅನ್ನದ ಉಂಡೆ ಸಿಗುತ್ತೆ. ಬದನೆಕಾಯಿ ಇರೋದು ಕೇಳಿ, ಇಲ್ಲದಿದ್ದರೆ ಮಾಂಸದ್ದು ಕೊಡ್ತಾರೆ. ಕಟಾನಿಯಾದಲ್ಲಿ ಅದು ಗಂಡು, ಅರಾಂಚಿನೊ, ಎಟ್ನಾ ಥರ ಚೂಪು. ಪಲೆರ್ಮೊದಲ್ಲಿ ಹೆಣ್ಣು, ಅರಾಂಚಿನಾ, ಗುಂಡಗೆ. ತಪ್ಪಿ ಬೇರೆ ಹೆಸರು ಹೇಳಿದ್ರೆ ಊಟಕ್ಕಿಂತ ಮೊದಲು ಪಾಠ ಆಗುತ್ತೆ.

ಧಾರವಾಡ ಡಬಲ್ ಗೇರ್
ನಮ್ಮಲ್ಲಿ ಧಾರವಾಡ ಫೇಡಾನೋ ಬೆಳಗಾವಿ ಕುಂದಾನೋ ಅಂತ ಆದ ಹಾಗೆ. ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತು.

ಸುಮ್ನೆ ಓದ್ತೀನಿ
ಕುಂದಾ.

ಧಾರವಾಡ ಡಬಲ್ ಗೇರ್
ಇವರನ್ನ ಇಲ್ಲಿಗೆ ಸೇರಿಸಿದವರು ಯಾರು?

ಕಲ್ಲುಭಟ್ಟ
ಊಟದ ಮಾತು ಬಂತಲ್ಲ, ರಸ್ತೆ ಬದಿಯಲ್ಲಿ ಪಾಪಾಸುಕಳ್ಳಿ ಬೇಲಿ ಎಲ್ಲೆಲ್ಲೂ ಕಾಣುತ್ತದೆ. ಅದರ ಹಣ್ಣಿಗೆ ಅಲ್ಲಿ "ಇಂಡಿಯಾದ ಅಂಜೂರ" ಅಂತ ಹೆಸರು. ನಮಗೂ ಅದಕ್ಕೂ ಸಂಬಂಧ ಇಲ್ಲ, ಅಮೆರಿಕದಿಂದ ಬಂದದ್ದು. ಕೊಲಂಬಸ್ ಮಾಡಿದ ತಪ್ಪು ಹಣ್ಣಿಗೂ ಅಂಟಿಕೊಂಡಿದೆ.

ಇನ್ನೊಂದು ದಾರಿ ಸೂಚಿಸುತ್ತೇನೆ. ಎಟ್ನಾದಲ್ಲಿ ಬೂದಿ ಬಿದ್ದು ರಸ್ತೆ ಮುಚ್ಚಿದರೆ ದಕ್ಷಿಣಕ್ಕೆ ಹೋಗಿ, ಇಬ್ಲೆಯಿ ಬೆಟ್ಟಗಳಿಗೆ. ಅಲ್ಲಿನ ಮೊಂತೆ ಲಾವುರೊ ಕೂಡ ಜ್ವಾಲಾಮುಖಿಯೇ, ಒಂದು ಕಾಲಕ್ಕೆ ಸಮುದ್ರದೊಳಗಿತ್ತು, ಈಗ 986 ಮೀಟರ್. ಆರಿ ಹೋಗಿ ಲಕ್ಷಗಟ್ಟಲೆ ವರ್ಷ ಆಯಿತು. ಬುಕ್ಕೇರಿ, ವಿಜ್ಜಿನಿ ಸುತ್ತಮುತ್ತ ಗಾಡಿಗಳೇ ಕಡಿಮೆ. ಕೆಳಗೆ ಇಳಿದರೆ ನೋತೊ, ರಾಗೂಸಾ, ಮೋದಿಕಾ. 1693ರ ಭೂಕಂಪದಲ್ಲಿ ಆ ಊರುಗಳು ನೆಲಸಮವಾಗಿ, ಎಲ್ಲವನ್ನೂ ಒಂದೇ ಶೈಲಿಯಲ್ಲಿ ಮತ್ತೆ ಕಟ್ಟಿದರು. ಅಲ್ಲಿ ಕಲ್ಲು ಕಪ್ಪಲ್ಲ, ಜೇನಿನ ಬಣ್ಣ.

ಹಸಿರು ಹೆಲ್ಮೆಟ್
ಬೇಸಿಗೆಯಲ್ಲಿ ಆ ಕಡೆ ಯಾರೂ ಹೋಗಬೇಡಿ. ಸಿರಾಕೂಸಾ ಪಕ್ಕದಲ್ಲೇ 2021ರ ಆಗಸ್ಟ್ 11ಕ್ಕೆ 48.8 ಡಿಗ್ರಿ. ಯುರೋಪಿನ ದಾಖಲೆ.

ಬಸವನಗುಡಿ ಬ್ರೇಕ್
ಅವರು ಮೇನಲ್ಲಿ ಹೋಗ್ತಿರೋದು ಸಾರ್.

ನಾಗರಬಾವಿ ಪೆಡಲ್
ಎಲ್ಲರಿಗೂ ಥ್ಯಾಂಕ್ಸ್. ನಾಳೆ ರಾತ್ರಿ ವಿಮಾನ. ಸೈಕಲ್ ಬಾಡಿಗೆಗೇ ಅಂತ ತೀರ್ಮಾನ ಆಯಿತು. 34ರ ಕ್ಯಾಸೆಟ್ ಒಂದು ಇಲ್ಲೇ ತಗೊಂಡೆ, ಅಲ್ಲಿ ಹಾಕಿಸಿಕೊಳ್ಳುತ್ತೇನೆ. ಮೊದಲು ಸುತ್ತು. ಹತ್ತೋದು ಆಮೇಲೆ ನೋಡೋಣ ಅಂತ ಅಪ್ಪಣೆಯಾಗಿದೆ.

ಕುಂದಾಪ್ರ ಕಡಲು
ನಾನು ಮೊದಲೇ ಹೇಳಿದ್ದೆ.

ನಾಗರಬಾವಿ ಪೆಡಲ್
ಬಂದ್ವಿ! ಎರಡು ವಾರದಿಂದ ಕೆಲಸ ಗುಡ್ಡೆ ಬಿದ್ದಿತ್ತು, ಅದಕ್ಕೆ ತಡ.

ಸುತ್ತಿದೆವು. ಅಪ್ರದಕ್ಷಿಣೆಯೇ. ಮಲೆನಾಡತಿ ಮೇಡಂ ಹೇಳಿದ್ದು ಅಕ್ಷರಶಃ ಸರಿ. ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟಿದ್ದರಿಂದ ಆಚಿರೆಯಾಲೆ ತನಕ ಗಾಡಿಗಿಂತ ಸೈಕಲ್‌ನವರೇ ಜಾಸ್ತಿ. ಎಪ್ಪತ್ತರ ಹತ್ತಿರದ ಅಜ್ಜಂದಿರು ಬಿಗಿ ಜೆರ್ಸಿ ಹಾಕಿಕೊಂಡು, ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಾ, ನಮ್ಮನ್ನು ಹಿಂದೆ ಹಾಕಿ ಹೋದರು. ಒಬ್ಬರು ನನ್ನ 34ರ ಕ್ಯಾಸೆಟ್ ನೋಡಿ ನಕ್ಕರು. ಬಸವನಗುಡಿ ಅಣ್ಣ, ನಾನು ನಾಚಿಕೆ ಪಡಲಿಲ್ಲ.

ರಾಂದಾತ್ಸೊದಿಂದ ಮಲೆತ್ತೊಗೆ ಏರುವಾಗ ಒಂದು ಕಡೆ ಎರಡೂ ಬದಿ ಬರೀ ಹಳೇ ಲಾವಾ. ಉತ್ತ ಹೊಲ ಹಾಗೇ ಕಲ್ಲಾದಂತೆ ಇದೆ. ಅದರ ಮೇಲೆ ಹಳದಿ ಹೂವಿನ ಪೊದೆ, ಜಿನೆಸ್ತ್ರಾ ಅಂತ. ಮಣ್ಣೇ ಇಲ್ಲ, ಹೂವು ಮಾತ್ರ ಇದೆ. ಹೆಂಡತಿ ಸೈಕಲ್ ಒರಗಿಸಿ ಕಲ್ಲು ಮುಟ್ಟಿದಳು. ಬಿಸಿಲಿಗೆ ದೋಸೆ ಹೆಂಚಿನ ಹಾಗೆ ಕಾದಿತ್ತು. ಅಂಚು ಎಷ್ಟು ಹರಿತ ಅಂದ್ರೆ ಗ್ಲೌಸಿನ ದಾರ ಕಿತ್ತುಬಂತು. ಅಲ್ಲಿ ಬಿದ್ದರೆ ಏನಾಗುತ್ತದೆ ಅಂತ ಆಮೇಲೆ ಇಳಿಜಾರಿನಲ್ಲಿ ಬ್ರೇಕ್ ಬಿಡಲೇ ಇಲ್ಲ ನಾನು. ಮಲೆತ್ತೊದಲ್ಲಿ ಸ್ಟ್ರಾಬೆರಿ ಮಾರುತ್ತಿದ್ದರು, ಹೆಬ್ಬೆರಳ ಉಗುರಿನಷ್ಟೇ ದೊಡ್ಡದು. ಅರ್ಧ ಕೆಜಿ ಅಲ್ಲೇ ನಿಂತು ಮುಗಿಸಿದೆವು.

ಬ್ರೊಂತೆ ಆಚೆ ಎಸ್‌ಎಸ್ 284ರಲ್ಲಿ ಮೂರು ಕಿಲೋಮೀಟರ್ ಹೋಗಲೇಬೇಕಾಯಿತು, ಜೀವ ಕೈಯಲ್ಲಿ. ತೋಟದ ದಾರಿ ಸಿಕ್ಕಿದ ಮೇಲೆ ಉಸಿರು ಬಂತು. ಪಕ್ಕದಲ್ಲೇ ಚಿರ್ಕುಮೆತ್ನೆಯಾ ಪುಟಾಣಿ ರೈಲಿನ ಹಳಿ ಇದೆ, 1890ರ ದಶಕದ್ದು, ಈಗಲೂ ಓಡುತ್ತದೆ. ಭಾನುವಾರ ಮಾತ್ರ ರಜೆ. ಅದು ಗೊತ್ತಿಲ್ಲದೆ ಮೊದಲ ದಿನ ನಾವು ಒಂದು ಗೇಟಿನ ಹತ್ತಿರ ರೈಲಿನ ಫೋಟೊಗೆ ಅಂತ ಇಪ್ಪತ್ತು ನಿಮಿಷ ಕಾದಿದ್ದೆವು.

ಹತ್ತಿದ್ದೂ ಆಯಿತು. ಐದನೇ ದಿನ ಅವಳೇ "ಸರಿ, ಮೇಲಿಂದನೂ ಒಂದು ಸಲ ನೋಡೋಣ" ಅಂದಳು. ಸಮುದ್ರದಿಂದ ಅಲ್ಲ, ನಿಕೊಲೋಸಿಯಿಂದ. ಡಬಲ್ ಗೇರ್ ಹೇಳಿದ ಲಯ ಅವಳಿಗೆ ಸಿಕ್ಕಿತು, ನನಗೆ ಸಿಗಲಿಲ್ಲ. ಹನ್ನೊಂದನೇ ಕಿಲೋಮೀಟರ್‌ನಲ್ಲಿ ಮೀನಖಂಡ ಹಿಡಿದುಕೊಂಡು ಪೈನ್ ಮರದ ಕೆಳಗೆ ಕೂತೆ. ಅವಳು ಹೋದಳು. ನಾನು ಸಪಿಯೆನ್ಸಾ ಮುಟ್ಟುವಾಗ ಮೋಡ ಮುಚ್ಚಿ ಹತ್ತು ಅಡಿ ಆಚೆ ಏನೂ ಇಲ್ಲ. ಸಿಲ್ವೆಸ್ತ್ರಿ ಬಾಯಿಗಳು ರಸ್ತೆ ಪಕ್ಕದಲ್ಲೇ ಇವೆ ಅಂತಾರೆ, ನಾನು ನೋಡಿದ್ದು ಅವಳ ಫೋನಿನಲ್ಲಿ. ನಲವತ್ತು ನಿಮಿಷ ಮೊದಲು ಮುಟ್ಟಿದ್ದಳಲ್ಲ, ಅವಳಿಗೆ ಬಿಸಿಲು ಸಿಕ್ಕಿತ್ತು.

ಧಾರವಾಡ ಡಬಲ್ ಗೇರ್
ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮಗೆ ಬಾಳೆಹಣ್ಣು ತಿನ್ನೋಕೆ ಹೇಳಿ.

ಮಿಲಾನ್ ಮಲೆನಾಡತಿ
ಬೆಳಿಗ್ಗೆ ಹತ್ತರ ಒಳಗೆ ಮೇಲಿರಬೇಕು. ಆಮೇಲೆ ಅವಳು ಸೆರಗು ಹೊದ್ದುಕೊಳ್ತಾಳೆ. ಇದೊಂದು ಹೇಳೋದು ಮರೆತೆ, ಕ್ಷಮಿಸಿ.

ಮೈಸೂರು ಮೆಲ್ಲಗೆ
ಬದನೆಕಾಯಿ ಪಾಸ್ತಾ ಹೇಗಿತ್ತು?

ನಾಗರಬಾವಿ ಪೆಡಲ್
ನಾಲ್ಕು ಸಲ ತಿಂದೆವು ಸಾರ್. ಒಂದು ಬೇಜಾರು ಇದೆ. ಬ್ರೊಂತೆಯಲ್ಲಿ ಎರಡು ಬಾಟಲಿ ಪಿಸ್ತಾ ಕ್ರೀಮ್ ತಗೊಂಡಿದ್ದೆ, ಅಮ್ಮನಿಗೊಂದು, ಆಫೀಸಿಗೊಂದು. ಕೈಚೀಲದಲ್ಲಿ ಇಟ್ಟಿದ್ದೆ. ವಿಮಾನ ನಿಲ್ದಾಣದಲ್ಲಿ ಇದು ದ್ರವ, 100 ಎಂಎಲ್‌ಗಿಂತ ಜಾಸ್ತಿ ಅಂತ ಎರಡನ್ನೂ ತೆಗೆದು ಡಬ್ಬಕ್ಕೆ ಹಾಕಿದರು. ಚಮಚದಲ್ಲಿ ನಿಲ್ಲುತ್ತೆ ಅದು, ಎಲ್ಲಿಯ ದ್ರವ! ಅಮ್ಮನಿಗೆ ಫೋಟೊ ತೋರಿಸಿದರೆ ಅವರು ಕೇಳಿದ ಮೊದಲ ಪ್ರಶ್ನೆ, "ಎಲ್ಲ ಫೋಟೊದಲ್ಲೂ ಬೆಟ್ಟ ಎಡಕ್ಕೇ ಇದೆಯಲ್ಲೋ?"

ಕುಂದಾಪ್ರ ಕಡಲು
ಪಿಸ್ತಾ ಯಾಕೆ ಹೋಯಿತು ಅಂತ ಈಗ ಗೊತ್ತಾಯ್ತಲ್ಲ.

ಸುಮ್ನೆ ಓದ್ತೀನಿ
ಆ 34ರ ಕ್ಯಾಸೆಟ್ ಮಾರ್ತೀರಾ?